ಮರಿಗಳಿಲ್ಲದ ಮಡು

1946ರ ಮಾರ್ಚ್ ತಿಂಗಳಲ್ಲಿ ಕಬಿನಿ ಹೊಳೆಯಲ್ಲಿ ಒಂದು ಮೀನು ಗಾಳಕ್ಕೆ ಬಿತ್ತು. ಹಿಡಿದವರು ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್. ಬೇಟೆಯಲ್ಲಿ ಸತ್ತ ಹುಲಿ, ಚಿರತೆಗಳ ಚರ್ಮವನ್ನು ಹದ ಮಾಡಿ, ಒಳಗೆ ತುಂಬಿ, ಜೀವವಿದ್ದಂತೆ ನಿಲ್ಲಿಸುವ ಕಸುಬಿನಲ್ಲಿ ದೇಶವಿದೇಶಗಳಲ್ಲಿ ಹೆಸರಾಗಿದ್ದ ಮನೆತನದವರು. ದಡಕ್ಕೆ ತಂದು ತೂಗಿದರೆ 120 ಪೌಂಡ್, ಅಂದರೆ 54 ಕೆ.ಜಿ.ಗೂ ತುಸು ಹೆಚ್ಚು. ಬೆಳೆದ ಆಳಿನ ತೂಕದ ಮೀನು ಅದು. ಅದಕ್ಕೂ ಮುಂಚೆ, 1919ರಲ್ಲಿ, ರಿವೆಟ್ ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನದೊಂದನ್ನು ಹಿಡಿದಿದ್ದರು. ಗಾಳದಲ್ಲಿ ಹಿಡಿದ ಮಹಶೀರ್ ಮೀನುಗಳ ದಾಖಲೆಯಲ್ಲಿ ಇವನ್ನು ಮೀರಿಸಿದ್ದು ಇಂದಿಗೂ ಇಲ್ಲ. ಹಿಮಾಲಯದ ಹೊಳೆಗಳಲ್ಲೂ ಮಹಶೀರ್‌ಗಳಿವೆ, ಅವೂ ದೊಡ್ಡವೇ. ಆದರೆ ಆ ಕುಲದ ದೈತ್ಯ ಹುಟ್ಟಿ ಬೆಳೆದದ್ದು ನಮ್ಮ ಕಾವೇರಿ ಮತ್ತು ಅವಳ ಉಪನದಿಗಳಲ್ಲಿ ಮಾತ್ರ.

ಮುತ್ತತ್ತಿ, ಭೀಮೇಶ್ವರಿ ಕಡೆಯ ಹೊಳೆಸಾಲಿನ ಜನ ಇದನ್ನು ಬಿಳಿಮೀನು ಎನ್ನುತ್ತಾರೆ. ಬೆನ್ನಿನ ಮೇಲೆ, ತಲೆ ಮುಗಿಯುವಲ್ಲಿಂದ ಏರುತ್ತ ಹೋಗುವ ದುಬ್ಬ ಇದರ ಗುರುತು. ಮೈ ಮೇಲೆ ಅಂಗೈಯಗಲದ ಹುರುಪೆಗಳು, ಅವುಗಳ ಮೇಲೆ ಹೊಂಬಣ್ಣ. ಬಾಲ ಮತ್ತು ಈಜುರೆಕ್ಕೆಗಳಲ್ಲಿ ಕಿತ್ತಳೆಯ ಕೆಂಪು. ದಪ್ಪ ತುಟಿ, ಎರಡು ಜೊತೆ ಮೀಸೆ. ಬಾಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಏಡಿಯನ್ನೋ ಬಸವನಹುಳುವನ್ನೋ ಇಡಿಯಾಗಿ ನುಂಗಿ ಗಂಟಲಿನಲ್ಲೇ ಪುಡಿ ಮಾಡಿಬಿಡುತ್ತದೆ. ಹೊಳೆಗೆ ಬಾಗಿದ ಅತ್ತಿ ಮರದಿಂದ ಉದುರಿದ ಹಣ್ಣೂ ಆದೀತು, ನೇರಳೆಯೂ ಆದೀತು, ಸಣ್ಣ ಮೀನು, ಪಾಚಿ, ನೀರಹುಳು ಯಾವುದೂ ಬೇಡವೆಂದಿಲ್ಲ. ಇನ್ನು ಗಾಳಗಾರರಿಗೆಲ್ಲ ಗೊತ್ತಿರುವ ಸಂಗತಿ ಎಂದರೆ ಇದಕ್ಕೆ ರಾಗಿಯ ಮೇಲೆ ಇರುವ ಆಸೆ. ಗಟ್ಟಿಯಾಗಿ ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಕೊಕ್ಕೆಗೆ ಮೆತ್ತಿ ಸೆಳವಿಗೆ ಬಿಟ್ಟರೆ ಅದೇ ಎರೆ. ಸಾವಿರಾರು ಮೈಲಿ ದೂರದಿಂದ ಬೆಲೆಬಾಳುವ ಸಲಕರಣೆ ಹೊತ್ತು ಬಂದ ಇಂಗ್ಲಿಷರೂ ಕೊನೆಗೆ ಮೊರೆಹೋದದ್ದು ಈ ಮುದ್ದೆಗೇ.

ಹೀಗೆ ಜಗತ್ತೆಲ್ಲ ಕೊಂಡಾಡಿದ ಮೀನಿಗೆ 2018ರವರೆಗೆ ಒಂದು ಖಚಿತ ವೈಜ್ಞಾನಿಕ ಹೆಸರಿರಲಿಲ್ಲ ಎಂದರೆ ನಂಬುವುದು ಕಷ್ಟ. ಹೆಸರಿಲ್ಲದ್ದಕ್ಕೆ ಮೀನಿಗೇನು ನಷ್ಟ ಎನಿಸಬಹುದು. ನಷ್ಟ ಆಗಿದೆ, ಬಹಳ ದೊಡ್ಡದೇ ಆಗಿದೆ. ಯಾವ ಮೀನು ಯಾವುದೆಂದು ಬೇರೆ ಮಾಡಿ ಗುರುತಿಸುವ ಮೊದಲೇ ನಾವು ಅದನ್ನು ಉಳಿಸಲು ಹೊರಟೆವು. ಆ ಒಳ್ಳೆಯ ಮನಸ್ಸಿನ ಕೆಲಸವೇ ಬಿಳಿಮೀನಿಗೆ ಮುಳುವಾಯಿತು.

ಮೀನಿನ ಮೊದಲು ಅದರ ಮನೆಯನ್ನು ನೋಡೋಣ. ಶಿವನಸಮುದ್ರದಲ್ಲಿ ಕಾವೇರಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಬೀಳುತ್ತಾಳೆ. ಅಲ್ಲಿಂದ ಕೆಳಕ್ಕೆ ಅವಳು ಬಯಲಿನ ನದಿಯಲ್ಲ. ಎರಡೂ ಕಡೆ ಕುರುಚಲು ಕಾಡಿನ ಗುಡ್ಡಗಳು, ನಡುವೆ ಬಂಡೆಗಳನ್ನು ಸೀಳಿಕೊಂಡು ಓಡುವ ನೀರು. ದಾರಿಯಲ್ಲಿ ಶಿಂಷಾ ಬಂದು ಸೇರುತ್ತದೆ. ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆ ದಾಟಿ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಇಕ್ಕಟ್ಟಿಗೆ ನುಗ್ಗುತ್ತಾಳೆ; ಮುಂದೆ ಹೊಗೇನಕಲ್. ಇದರ ಬಹುಭಾಗ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಅಭಯಾರಣ್ಯದ ಒಳಗಿದೆ. ದಡದುದ್ದಕ್ಕೂ ಹೊಳೆಮತ್ತಿಯ ಬಿಳಿ ಬೊಡ್ಡೆಗಳು, ಹುಣಸೆ, ನೇರಳೆ. ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ, ಗುಂಪು ಕಟ್ಟಿ ಮೀನು ಅಟ್ಟುವ ನೀರುನಾಯಿ, ಸಂಜೆಗೆ ನೀರಿಗಿಳಿಯುವ ಆನೆ.

ಇಂಥ ಹೊಳೆಯಲ್ಲಿ ನೀರು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಕಡೆ ಬಂಡೆಗಳ ನಡುವೆ ನೊರೆಯೆದ್ದು ಓಡುತ್ತದೆ, ಅದರ ಕೆಳಗೆ ಆಳವಾದ ಮಡುವಿನಲ್ಲಿ ತಣ್ಣಗೆ ತಿರುಗುತ್ತದೆ, ಮತ್ತೆ ತೆಳ್ಳಗಾಗಿ ಜಲ್ಲಿಕಲ್ಲುಗಳ ಮೇಲೆ ಹರಡಿಕೊಳ್ಳುತ್ತದೆ. ಬಿಳಿಮೀನಿಗೆ ಈ ಮೂರೂ ಬೇಕು. ಓಡುವ ನೀರಿನಲ್ಲಿ ಉಸಿರಿಗೆ ಬೇಕಾದ ಆಮ್ಲಜನಕ ಹೆಚ್ಚು, ತಿನ್ನಲು ಏಡಿ ಹುಳುಗಳೂ ಹೆಚ್ಚು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಇಷ್ಟು ದೊಡ್ಡ ಮೈ ಬದುಕಿ ಉಳಿಯುವುದು ಮಡುವಿನ ಆಳದಲ್ಲಿ. ಇನ್ನು ಜಲ್ಲಿಕಲ್ಲಿನ ತೆಳುನೀರು ಮಹಶೀರ್ ಕುಲದ ಬಾಣಂತಿ ಕೋಣೆ. ಮುಂಗಾರಿನ ಹೊಸನೀರು ಬಂದು ಹೊಳೆ ಕೆಂಪಾಗಿ ಏರಿದಾಗ ಮೀನುಗಳು ಸೆಳವಿಗೆ ಎದುರಾಗಿ ಮೇಲಕ್ಕೆ, ಉಪನದಿಗಳ ಬಾಯಿಗೆ ಹೊರಡುತ್ತವೆ. ಮಲೆನಾಡಿನಲ್ಲಿ ಹತ್ತುಮೀನು ಎನ್ನುತ್ತಾರಲ್ಲ, ಅದೇ ಪ್ರಯಾಣ. ಕಲ್ಲುಗಳ ಸಂದಿಗೆ ಬಿದ್ದ ಮೊಟ್ಟೆಗೆ ಸದಾ ತಾಜಾ ನೀರು ತಾಗುತ್ತಿರಬೇಕು, ಕೆಸರು ಮೆತ್ತಿಕೊಳ್ಳಬಾರದು, ನೀರಿನ ಮಟ್ಟ ಹಠಾತ್ತನೆ ಇಳಿದು ಮೊಟ್ಟೆ ಬಿಸಿಲಿಗೆ ಬೀಳಬಾರದು. ಸಾಕಣೆಯ ಗೆಂಡೆ ಮೀನು ಲಕ್ಷಗಟ್ಟಲೆ ಮೊಟ್ಟೆ ಇಟ್ಟು ಕೈತೊಳೆದುಕೊಳ್ಳುತ್ತದೆ. ಮಹಶೀರ್‌ಗಳ ಮೊಟ್ಟೆಗಳು ದೊಡ್ಡವು, ಆದರೆ ಎಣಿಕೆಯಲ್ಲಿ ಕಡಿಮೆ. ಅವು ಮೈನೆರೆಯುವುದೂ ನಿಧಾನ. ಒಂದೆರಡು ಮಳೆಗಾಲ ಕೈಕೊಟ್ಟರೆ ಸಹಿಸಿಕೊಂಡಾವು. ವರ್ಷ ವರ್ಷವೂ ಕೈಕೊಟ್ಟರೆ ಚೇತರಿಸಿಕೊಳ್ಳುವ ದಾರಿಯೇ ಇಲ್ಲ.

ಕನ್ನಡ ನಾಡಿನಲ್ಲಿ ಗಾಳದ ಬೇಟೆ ಇಂಗ್ಲಿಷರ ಜೊತೆ ಬಂದದ್ದೇನಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳ ವಾಸ, ಯಾವುದಕ್ಕೆ ಯಾವ ಎರೆ, ಗಾಳದ ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಏಳೂವರೆ ಶತಮಾನ ಕಳೆದ ಮೇಲೆ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟಿಸಿದರು. ಭಾರತದ ಮಹಶೀರ್‌ಗೆ ಇಂಗ್ಲಿಷ್ ಓದುಗರಲ್ಲಿ ದೊಡ್ಡ ಹೆಸರು ಬಂದದ್ದು ಆ ಪುಸ್ತಕದಿಂದ. ಅಲ್ಲಿಂದ ಮುಂದೆ ಕಾವೇರಿಗೆ, ಕಬಿನಿಗೆ, ಕೊಡಗಿಗೆ ಗಾಳ ಹಿಡಿದು ಬಂದ ದೊರೆಗಳಿಗೆ ಲೆಕ್ಕವಿಲ್ಲ.

ಸ್ವಾತಂತ್ರ್ಯದ ನಂತರ ಹೊರಗಿನವರು ಈ ಮೀನನ್ನು ಹೆಚ್ಚುಕಡಿಮೆ ಮರೆತೇಬಿಟ್ಟರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ಹುಡುಕಿಕೊಂಡು ಬಂದು, 1978ರಲ್ಲಿ ಕಾವೇರಿಯಲ್ಲಿ 92 ಪೌಂಡಿನ ಮೀನು ಹಿಡಿದ ಸುದ್ದಿ ಹಬ್ಬಿದ ಮೇಲೆ ಎಲ್ಲ ಬದಲಾಯಿತು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಕಾಯತೊಡಗಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ತೆರೆಯಿತು. ನಿಯಮ ಒಂದೇ: ಮೀನು ಹಿಡಿ, ತೂಗು, ಫೋಟೊ ತೆಗೆದುಕೋ, ಜೀವಸಹಿತ ನೀರಿಗೆ ಬಿಡು. ಹೊಳೆಯ ಒಂದೊಂದು ಬಂಡೆಯನ್ನೂ ಬಲ್ಲ ಸುತ್ತಲ ಊರಿನವರಿಗೆ, ಅವರಲ್ಲಿ ಮೊದಲು ಕದ್ದು ಮೀನು ಹಿಡಿಯುತ್ತಿದ್ದವರಿಗೂ, ದಾರಿ ತೋರಿಸುವ ಮತ್ತು ತೆಪ್ಪ ಹಾಕುವ ಕೆಲಸ ಸಿಕ್ಕಿತು. ಬಿಟ್ಟ ಮೀನು ನಾಳೆ ಇನ್ನೊಬ್ಬರ ಗಾಳಕ್ಕೆ ಸಿಕ್ಕಬೇಕಲ್ಲ. ಹಾಗಾಗಿ ಆ ಮೀನಿನ ಜೀವಕ್ಕೆ ಊರಿನಲ್ಲೊಂದು ಬೆಲೆ ಬಂತು.

ಗಾಲಿಬೋರೆ ಶಿಬಿರದಲ್ಲಿ ಇನ್ನೂ ಒಂದು ಒಳ್ಳೆಯ ಅಭ್ಯಾಸವಿತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಣ್ಣದ ಮಹಶೀರ್ ಸಿಕ್ಕಿತು, ತೂಕ ಎಷ್ಟು ಎಂದು ಬರೆದಿಡುತ್ತಿದ್ದರು. ಈ ಪುಸ್ತಕಗಳು ಮೀನಿನ ಜಾತಕವಾಗುತ್ತವೆಂದು ಬರೆದವರಿಗೆ ತಿಳಿದಿರಲಿಕ್ಕಿಲ್ಲ. 1998ರಿಂದ 2012ರವರೆಗಿನ ಹದಿನೈದು ವರ್ಷಗಳ ಆ ಲೆಕ್ಕವನ್ನು ಬ್ರಿಟನ್ನಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಗಾರರು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಇಪ್ಪತ್ತಮೂರು ಸಾವಿರ ಗಂಟೆಗೂ ಮಿಕ್ಕಿದ ಗಾಳ, ಆರು ಸಾವಿರಕ್ಕೂ ಮಿಕ್ಕಿದ ಮಹಶೀರ್. ಇಷ್ಟು ಉದ್ದದ, ಇಷ್ಟು ವಿವರವಾದ ದಾಖಲೆ ನಮ್ಮ ನದಿ ಮೀನುಗಳಿಗೆ ಸಿಗುವುದು ತೀರ ಅಪರೂಪ.

ಮೇಲ್ನೋಟಕ್ಕೆ ಆ ಲೆಕ್ಕದಲ್ಲಿ ಸಂತೋಷಪಡಲು ಕಾರಣಗಳಿದ್ದವು. ವರ್ಷದಿಂದ ವರ್ಷಕ್ಕೆ ಸಿಗುವ ಮಹಶೀರ್‌ಗಳ ಸಂಖ್ಯೆ ಏರಿತ್ತು. ದುಬ್ಬದ ಹೊನ್ನಿನ ಮೀನುಗಳ ಸರಾಸರಿ ತೂಕವೂ ಏರಿತ್ತು. ಮೀನು ಹೆಚ್ಚಿವೆ, ಮೀನು ದೊಡ್ಡವಾಗಿವೆ. ಹೊಳೆ ಚೆನ್ನಾಗಿದೆ ಎನ್ನಲು ಇನ್ನೇನು ಬೇಕು? ಗಾಳಗಾರರು ಹಾಗೆಯೇ ಅಂದುಕೊಂಡಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಬಣ್ಣದ ಪ್ರಕಾರ ಬೇರೆ ಮಾಡಿ ನೋಡಿದಾಗ ಚಿತ್ರವೇ ತಿರುಗಿಬಿತ್ತು. ಹೆಚ್ಚಿದ್ದು ನೀಲಿ ರೆಕ್ಕೆಯ ಇನ್ನೊಂದು ಮಹಶೀರ್. ಅದರಲ್ಲಿ ಮರಿಮೀನುಗಳೇ ತುಂಬಿದ್ದವು, ಹಾಗಾಗಿ ಅದರ ಸರಾಸರಿ ತೂಕ ಇಳಿದಿತ್ತು. ದುಬ್ಬದ ಬಿಳಿಮೀನು ಅಪರೂಪವಾಗುತ್ತ ಬಂದಿತ್ತು, ಸಿಕ್ಕರೆ ಸಿಗುತ್ತಿದ್ದುದು ದೊಡ್ಡದೇ. ಚಿಕ್ಕವು ಇರಲೇ ಇಲ್ಲ. ಸರಾಸರಿ ತೂಕ ಏರಿದ್ದು ಆ ಕಾರಣಕ್ಕೆ.

ದುಡಿಯುವ ವಯಸ್ಸಿನವರೆಲ್ಲ ಬೆಂಗಳೂರು ಸೇರಿ ಮುದುಕರಷ್ಟೇ ಉಳಿದ ಹಳ್ಳಿಯಲ್ಲಿ ಸರಾಸರಿ ವಯಸ್ಸು ಏರುತ್ತದೆ. ಹಾಗಂತ ಅಲ್ಲಿನವರು ದೀರ್ಘಾಯುಷಿಗಳು ಎನ್ನುತ್ತೇವೆಯೇ? ಶಾಲೆಗೆ ಬೀಗ ಬಿದ್ದದ್ದನ್ನು ನೋಡಿದರೆ ನಿಜ ಗೊತ್ತಾಗುತ್ತದೆ. ಗಾಲಿಬೋರೆಯ ಮಡುಗಳಲ್ಲಿ ಆದದ್ದು ಅದೇ. ಉಳಿದ ಬಿಳಿಮೀನುಗಳು ವರ್ಷ ಕಳೆದಂತೆ ಬಲಿಯುತ್ತಿದ್ದವು, ಅವುಗಳ ಹಿಂದೆ ಮರಿಗಳು ಬರುತ್ತಿರಲಿಲ್ಲ. ದೊಡ್ಡ ಮೀನಿನ ಜೊತೆ ನಗುತ್ತ ತೆಗೆಸಿಕೊಂಡ ಒಂದೊಂದು ಫೋಟೊವೂ ಒಂದು ಸಂತತಿಯ ಕೊನೆಯ ತಲೆಮಾರಿನದಾಗಿತ್ತು. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೀಲಿ ರೆಕ್ಕೆಯದು ಬಂದದ್ದೆಲ್ಲಿಂದ? ಅದು ಕೃಷ್ಣಾ ಕೊಳ್ಳದ ಮೀನು. ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್ 1839ರಲ್ಲಿ ಪುಣೆಯ ಹೊಳೆಯ ಮೀನನ್ನು ನೋಡಿ ಅದನ್ನು ವಿವರಿಸಿದ. ಇಂದಿನ ಹೆಸರು ಟಾರ್ ಖುದ್ರೀ. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋನಾವಲಾದಲ್ಲಿ, ಟಾಟಾ ವಿದ್ಯುತ್ ಕಂಪನಿಯ ಜಲಾಶಯದ ಬಳಿ, ಈ ಮೀನಿಗೆ ಕೃತಕವಾಗಿ ಮೊಟ್ಟೆಯಿಡಿಸಿ ಮರಿ ಮಾಡುವುದನ್ನು ಸಾಧಿಸಿದರು. ಆ ಕಾಲಕ್ಕೆ ಅದು ನಿಜವಾಗಿಯೂ ದೊಡ್ಡ ಸಾಧನೆ. ಆಣೆಕಟ್ಟುಗಳಿಂದ ಮಹಶೀರ್ ಕಡಿಮೆಯಾಗುತ್ತಿದೆ, ಮರಿ ಬಿಟ್ಟರೆ ಉಳಿದೀತು ಎಂಬ ಕಳಕಳಿ ಅದರ ಹಿಂದಿತ್ತು. ಮರಿಗಳು ದೇಶದ ಬೇರೆ ಬೇರೆ ಕಡೆಗೆ ಹೋದವು. ಕಾವೇರಿಗೂ ಬಂದವು. ಮಹಶೀರ್ ಕಡಿಮೆಯಾದ ಹೊಳೆಗೆ ಮಹಶೀರ್ ಬಿಟ್ಟರೆ ತಪ್ಪೇನು ಎಂದೇ ಎಲ್ಲರೂ ತಿಳಿದಿದ್ದರು. ಎರಡರ ನಡುವಿನ ಭೇದವನ್ನು ಬರಿಗಣ್ಣಿನಲ್ಲಿ ಹೇಳಬಲ್ಲ ತೆಪ್ಪದವರನ್ನು ಯಾರೂ ಕೇಳಲಿಲ್ಲ.

ಹೊಸ ಮೀನು ಮಾರ್ಪಟ್ಟ ಹೊಳೆಗೆ ಚೆನ್ನಾಗಿ ಹೊಂದಿಕೊಂಡಿತು. ಮರಿ ಮಾಡಿತು, ಹೆಚ್ಚಿತು. ಬಿಳಿಮೀನಿನ ಆಹಾರಕ್ಕೆ, ಜಾಗಕ್ಕೆ, ಮೊಟ್ಟೆಯಿಡುವ ಕಲ್ಲಿನ ಹಾಸಿಗೂ ಅದು ಪಾಲುದಾರನಾಯಿತೆಂದು ವಿಜ್ಞಾನಿಗಳು ಅನುಮಾನಿಸುತ್ತಾರೆ. ಒಂದೇ ಕುಲದವಾದ್ದರಿಂದ ಬೆರಕೆಯಾಗುವ ಭಯವೂ ಇದೆ. ಇದನ್ನೆಲ್ಲ ಆ ಮೀನಿನ ತಲೆಗೆ ಕಟ್ಟುವುದು ಅನ್ಯಾಯ. ತುಂಗೆಯಲ್ಲಿ, ಭದ್ರೆಯಲ್ಲಿ ಅದು ಆ ಮಣ್ಣಿನ ಮಗ. ಶೃಂಗೇರಿಯ ಮೆಟ್ಟಿಲುಗಳಲ್ಲಿ ನಾವು ಪುರಿ ಹಾಕುವಾಗ ಮುತ್ತಿಕೊಳ್ಳುವ ಮೀನುಗಳಲ್ಲಿ ಮಹಶೀರ್‌ಗಳಿವೆ; ಅಲ್ಲಿ ಅವು ಇರಬೇಕಾದ ಜಾಗದಲ್ಲೇ ಇವೆ. ಕಾವೇರಿಯಲ್ಲಿ ಮಾತ್ರ ಅದು ನಾವು ತಂದುಬಿಟ್ಟ ನೆಂಟ.

ಇತ್ತ ಹೆಸರಿನ ಗೊಂದಲ ಬಿಡಿಸಲು ಬಹುಕಾಲ ಹಿಡಿಯಿತು. ದುಬ್ಬದ ಮಹಶೀರ್‌ಗೆ ಪುಸ್ತಕಗಳು ಬಹುಕಾಲ ಟಾರ್ ಮುಸ್ಸುಲ್ಲಾ ಎಂಬ ಹೆಸರು ಹಚ್ಚಿದ್ದವು. ಅದೂ ಸೈಕ್ಸ್ ಕೊಟ್ಟದ್ದು, ಆದರೆ ಬೇರೆಯೇ ಕುಲದ, ಕೃಷ್ಣಾ ಕೊಳ್ಳದ ಮೀನಿಗೆ ಸೇರಬೇಕಾದದ್ದು ಎಂದು ಆಮೇಲೆ ತಿಳಿಯಿತು. ಈ ನಡುವೆ ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿಯುವ ಪಾಂಬಾರ್ ಹೊಳೆಯಿಂದ ಹಿಡಿದ ಕೆಲವು ಚಿಕ್ಕ ಮೀನುಗಳನ್ನು ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಹೊಸ ಪ್ರಭೇದವೆಂದು ವಿವರಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ತಜ್ಞೆ ರೆಮಾದೇವಿ ಅವರ ಗೌರವಕ್ಕೆ ಟಾರ್ ರೆಮಾದೇವಿ ಎಂದು ಕರೆದಿದ್ದರು. ಪಾಂಬಾರ್ ಪೂರ್ವಕ್ಕೆ ಹರಿದು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ನೀರು. ಗೇಣುದ್ದದ ಆ ಮೀನುಗಳಿಗೂ ಕಬಿನಿಯ ದೈತ್ಯನಿಗೂ ನಂಟಿದೆಯೆಂದು ಯಾರಿಗೆ ಹೊಳೆಯಬೇಕು? ಕೊನೆಗೆ ಪಿಂಡರ್, ರಾಘವನ್ ಮತ್ತು ಸಂಗಡಿಗರು ಮೊಯಾರ್ ಹೊಳೆಯಲ್ಲಿ ಸಿಕ್ಕ ದುಬ್ಬದ ಮಹಶೀರ್‌ಗಳ ದೇಹದ ಅಳತೆ ಮತ್ತು ಡಿಎನ್‌ಎಗಳನ್ನು ಹೋಲಿಸಿ ನೋಡಿ, ಎರಡೂ ಒಂದೇ ಎಂದು 2018ರಲ್ಲಿ ಸಾಬೀತು ಮಾಡಿದರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಬಿಳಿಮೀನನ್ನು ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದಲ್ಲಿರುವ ಪ್ರಭೇದವೆಂದು ಸೇರಿಸಿತು. ಕಾಡಿನಲ್ಲಿ ಅಳಿದೇಹೋಗುವುದಕ್ಕೆ ಇನ್ನೊಂದೇ ಮೆಟ್ಟಿಲು ಬಾಕಿ ಎಂಬಂಥ ದರ್ಜೆ ಅದು.

ನೀಲಿ ರೆಕ್ಕೆಯ ಮೀನೊಂದೇ ಕಾರಣವೆಂದು ಹೇಳಿ ಮುಗಿಸಿದರೆ ಕಥೆ ಸುಲಭವಾಗುತ್ತದೆ, ನಿಜವಾಗುವುದಿಲ್ಲ. ಹೊಳೆಯನ್ನೇ ನಾವು ಬೇರೆ ಮಾಡಿದ್ದೇವೆ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಮೇಲೆ ಕನ್ನಂಬಾಡಿ ಕಟ್ಟೆ ಎದ್ದಿತು, ಕೆಳಗೆ 1934ರಲ್ಲಿ ಮೆಟ್ಟೂರು ಆಣೆಕಟ್ಟು ಮುಗಿಯಿತು. ಕಬಿನಿ, ಹೇಮಾವತಿ, ಹಾರಂಗಿಗಳಿಗೆ ಆಮೇಲೆ ಕಟ್ಟೆಗಳು ಬಂದವು. ಒಂದೊಂದೂ ನಮ್ಮ ಅನ್ನಕ್ಕೆ, ಬೆಳಕಿಗೆ ಬೇಕಾದದ್ದೇ. ಕನ್ನಂಬಾಡಿಯ ನೀರು ಕಂಡ ಮಂಡ್ಯದ ಯಾವ ಮನೆಯೂ ಅದನ್ನು ಮರೆಯದು. ಮೀನಿನ ಲೆಕ್ಕದಲ್ಲಿ ಮಾತ್ರ ಒಂದೊಂದು ಕಟ್ಟೆಯೂ ಒಂದೊಂದು ಗೋಡೆ. ಮೇಲೆ ಹತ್ತಿ ಹೋಗುವ ದಾರಿ ಕಡಿದುಹೋಯಿತು. ಒಂದೇ ಕೊಳ್ಳದ ಮೀನುಗಳು ತುಂಡು ತುಂಡು ಹೊಳೆಗಳಲ್ಲಿ ಬಂದಿಯಾದವು. ಶಿವನಸಮುದ್ರದಿಂದ ಮೆಟ್ಟೂರಿನ ಹಿನ್ನೀರಿನವರೆಗಿನ ಭಾಗ ಓಡುವ ಹೊಳೆಯಾಗಿ ಉಳಿದದ್ದರಿಂದಲೇ ಬಿಳಿಮೀನು ಅಲ್ಲಿ ಹೆಚ್ಚು ಕಾಲ ಉಳಿಯಿತು.

ಆ ಭಾಗದಲ್ಲೂ ನೀರು ಈಗ ಮಳೆಯ ಮಾತನ್ನೊಂದೇ ಕೇಳುವುದಿಲ್ಲ. ವಿದ್ಯುತ್ ಘಟಕಗಳು ನೀರು ಹಿಡಿದಾಗ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ಬೆಳಿಗ್ಗೆ ಮುಳುಗಿದ್ದ ಕಲ್ಲಿನ ಹಾಸು ಮಧ್ಯಾಹ್ನಕ್ಕೆ ಬಿಸಿಲಿಗೆ ಬಿದ್ದರೆ ಅಲ್ಲಿದ್ದ ಮೊಟ್ಟೆಯ ಗತಿ ಹೇಳಬೇಕಾಗಿಲ್ಲ. ಮರಳಿಗಾಗಿ ಹೊಳೆಯ ತಳವನ್ನು ಬಗೆದೊಯ್ದ ಕಡೆ ಮೊಟ್ಟೆ ನಿಲ್ಲಲು ಜಲ್ಲಿಯೇ ಇಲ್ಲ. ಮೇಲೆ ತೊರೆಕಾಡನಹಳ್ಳಿಯಲ್ಲಿ ಕಾವೇರಿಯ ನೀರನ್ನೆತ್ತಿಕೊಳ್ಳುವ ಬೆಂಗಳೂರು, ಬಳಸಿ ಉಳಿದದ್ದನ್ನು ವೃಷಭಾವತಿ, ಅರ್ಕಾವತಿಗಳ ಮೂಲಕ ಸಂಗಮದಲ್ಲಿ ಅವಳಿಗೇ ಹಿಂತಿರುಗಿಸುತ್ತದೆ, ಯಾವ ರೂಪದಲ್ಲಿ ಎಂಬುದು ಕನಕಪುರದ ರೈತರಿಗೆಲ್ಲ ಗೊತ್ತು. ಇದಕ್ಕೆ ತೋಟೆ ಸೇರಿಸಿಕೊಳ್ಳಿ. ಮಡುವಿಗೆ ಒಂದು ಸಿಡಿಮದ್ದು ಎಸೆದರೆ ತೇಲುವ ನಾಲ್ಕು ದೊಡ್ಡ ಮೀನಿನ ಜೊತೆ ತಳಕ್ಕೆ ಮುಳುಗಿ ಯಾರಿಗೂ ಸಿಗದೆ ಕೊಳೆಯುವ ನೂರು ಮೀನು ಸಾಯುತ್ತವೆ, ಮರಿ ಮೊಟ್ಟೆಗಳು ಲೆಕ್ಕಕ್ಕೇ ಇಲ್ಲ. ಬೇಸಿಗೆಯಲ್ಲಿ ಎಲ್ಲ ಮೀನೂ ಮಡುವಿಗೆ ಸೇರಿಕೊಂಡಿರುವಾಗ ಇದು ಒಂದು ಊರಿಗೇ ಬೆಂಕಿ ಇಟ್ಟಂತೆ.

ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದ ಒಳಗೆ ಗಾಳ ಹಾಕುವಂತಿಲ್ಲ ಎಂದಾಗಿ ಕಾವೇರಿಯ ಶಿಬಿರಗಳಲ್ಲಿ ಗಾಳ ನಿಂತಿತು. ಈ ಬಗ್ಗೆ ಎರಡು ಮಾತಿವೆ. ಮೋಜಿಗಾಗಿ ಮೀನಿನ ತುಟಿಗೆ ಕೊಕ್ಕೆ ಚುಚ್ಚುವುದು ಹಿಂಸೆ, ಅಭಯಾರಣ್ಯವೆಂದರೆ ಎಲ್ಲ ಜೀವಕ್ಕೂ ಅಭಯ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಗಾಳಗಾರರು ಹೋದಾಗ ಹೊಳೆಯ ಮೇಲೆ ಹಗಲು ರಾತ್ರಿ ನೆಟ್ಟಿದ್ದ ಕಣ್ಣುಗಳೂ ಹೋದವು, ತೆಪ್ಪದವರ ಸಂಬಳ ಹೋಯಿತು, ದಾಖಲೆ ಪುಸ್ತಕವೂ ಮುಚ್ಚಿತು. ಮೀನು ಉಳಿದಿದೆಯೇ ಎಂದು ತಿಳಿಯಲು ಇದ್ದ ಏಕೈಕ ಲೆಕ್ಕ 2012ಕ್ಕೆ ನಿಂತುಹೋದದ್ದು ನನ್ನ ಮಟ್ಟಿಗೆ ಇದರಲ್ಲಿ ಅತಿ ದೊಡ್ಡ ನಷ್ಟ. ಗಾಳ ಬೇಡವಾದರೆ ಬೇಡ. ಅದರ ಜಾಗಕ್ಕೆ ಬೇರೊಂದು ಎಣಿಕೆಯನ್ನು ತಂದಿಡಬೇಕಿತ್ತು.

ಕಾಯುವುದಕ್ಕೆ ಕಾಯ್ದೆಯೊಂದೇ ದಾರಿಯಲ್ಲ ಎಂಬುದಕ್ಕೆ ನಮ್ಮಲ್ಲಿ ಹಳೆಯ ಸಾಕ್ಷಿಗಳಿವೆ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳಿಗೆ ಕೈ ಹಾಕುವವರಿಲ್ಲ. ಶೃಂಗೇರಿಯೂ ಹಾಗೆ, ತೀರ್ಥಹಳ್ಳಿ ಕಡೆಯ ಚಿಪ್ಪಲಗುಡ್ಡೆಯೂ ಹಾಗೆ. ಪಶ್ಚಿಮಕ್ಕೆ ಹರಿಯುವ ಕಪಿಲಾ ಹೊಳೆಯ ದಡದಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರನ ಮೀನುಗಳನ್ನು ದೇವರ ಮೀನು ಎಂದೇ ಕರೆಯುತ್ತಾರೆ. 1996ರಲ್ಲಿ ಯಾರೋ ನೀರಿಗೆ ವಿಷ ಬೆರೆಸಿ ಅಲ್ಲಿ ಸಾವಿರಾರು ಮೀನುಗಳು ಸತ್ತವು. ಊರು ಅದನ್ನು ಮೀನು ಸತ್ತ ಸುದ್ದಿಯೆಂದು ಕೈಬಿಡಲಿಲ್ಲ. ಸ್ಮಾರಕ ಕಟ್ಟಿತು, ಮತ್ತೆ ಕಾಯಿತು. ಇಂದು ಶಿಶಿಲದ ಹೊಳೆಯಲ್ಲಿ ಮತ್ತೆ ಮೀನುಗಳಿವೆ. ಇಂಥ ಒಂದೊಂದು ಜಾಗವೂ ಆಯಾ ಹೊಳೆಯ ಸ್ವಂತ ಮೀನಿನ ತವರು. ದೇವರ ಹೊಳೆಯೆಂದು ಭಕ್ತಿಯಿಂದ ಬೇರೆ ಕಡೆಯ ಮರಿ ತಂದು ಬಿಡುವವರು ಇದ್ದಾರೆ. ಅವರನ್ನು ಕೈಮುಗಿದು ತಡೆಯಬೇಕು.

ಕುಡಿಯುವ ನೀರಿಗಾಗಿ ಮೇಕೆದಾಟಿನಲ್ಲಿ ಕಟ್ಟಬೇಕೆಂದಿರುವ ಆಣೆಕಟ್ಟಿನ ವಿಷಯ ಎತ್ತದೆ ಈ ಮೀನಿನ ಬಗ್ಗೆ ಬರೆಯಲು ಬರುವುದಿಲ್ಲ. 67 ಟಿಎಂಸಿ ನೀರು ನಿಲ್ಲಿಸುವ ಯೋಜನೆ ಅದು. ಅಭಯಾರಣ್ಯದ ಮೂರು ಸಾವಿರ ಹೆಕ್ಟೇರಿಗೂ ಹೆಚ್ಚು ಭಾಗ ಮುಳುಗುತ್ತದೆ. ಎರಡು ರಾಜ್ಯಗಳ ಜಗಳದಲ್ಲಿ ನೀರಿನ ಪಾಲಿನ ಮಾತು ಬಂದಷ್ಟು ಸಲ ಮೀನಿನ ಮಾತು ಬಂದಿಲ್ಲ. ಸಂಗಮದ ಮೇಲಿನ ಸೆಳವು, ಮಡು, ಜಲ್ಲಿಹಾಸು ಎಲ್ಲವೂ ನಿಂತ ನೀರಿನ ಕೆಳಗೆ ಹೋದರೆ, ಓಡುವ ನೀರಿಗೆಂದೇ ರೂಪುಗೊಂಡ ಮೈ ಅಲ್ಲಿ ಬದುಕದು. ಜಿಲೇಬಿ ಮೀನು, ಕ್ಯಾಟ್‌ಫಿಶ್‌ಗಳು ಬದುಕುತ್ತವೆ. ಬೆಂಗಳೂರಿಗೆ ನೀರು ಬೇಕು, ನಾನೂ ಆ ನೀರನ್ನೇ ಕುಡಿಯುವವನು. ಅದಕ್ಕೆ ತೆರುವ ಬೆಲೆಯಲ್ಲಿ ಈ ಮೀನಿನ ಹೆಸರನ್ನೂ ಬರೆದು ಲೆಕ್ಕ ಒಪ್ಪಿಸಬೇಕೆಂದು ಕೇಳುತ್ತಿದ್ದೇನೆ ಅಷ್ಟೆ.

ಸದ್ಯಕ್ಕೆ ಬಿಳಿಮೀನಿನ ನೆಲೆಯೆಂದು ಗಟ್ಟಿಯಾಗಿ ಹೇಳಬಹುದಾದದ್ದು ಮೊಯಾರ್. ನೀಲಗಿರಿಯಲ್ಲಿ ಹುಟ್ಟಿ, ಬಂಡೀಪುರ ಮತ್ತು ಮುದುಮಲೆ ಕಾಡುಗಳಿಗೆ ಗಡಿಯಾಗಿ, ಆಳವಾದ ಕಮರಿಯಲ್ಲಿ ಹರಿದು ಭವಾನಿಸಾಗರ ಸೇರುವ ಹೊಳೆ. ಎರಡೂ ಕಡೆ ಹುಲಿ ಮೀಸಲು ಅರಣ್ಯ ಇರುವುದರಿಂದ ಜನರ ಓಡಾಟ ಕಡಿಮೆ. ಆದರೆ ಮೇಲೆ ನೀಲಗಿರಿಯ ವಿದ್ಯುತ್ ಘಟಕಗಳ ಕೈಯಲ್ಲಿ ಅದರ ನೀರಿದೆ, ಕೆಳಗೆ ಭವಾನಿಸಾಗರದ ಗೋಡೆಯಿದೆ. ಇಷ್ಟು ಚಿಕ್ಕ ಜಾಗದಲ್ಲಿ ಒಂದು ಬೇಸಿಗೆಯ ವಿಷ, ಒಂದು ಲಾರಿ ತಪ್ಪು ಮರಿ ಸಾಕು.

ಹಾಗಾಗಿ ಮಾಡಬೇಕಾದ ಕೆಲಸಗಳು ಆಕಾಶದಲ್ಲಿಲ್ಲ. ಕೊಡಗಿನ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯ ಮಹಶೀರ್ ಮರಿ ಕೇಂದ್ರವಿದೆ, ಮರಿ ಮಾಡುವ ಕೈ ಪಳಗಿದೆ. ಕಾವೇರಿ ಕೊಳ್ಳದ ಯಾವ ನೀರಿಗೂ ಡಿಎನ್‌ಎ ನೋಡದೆ ಒಂದು ಮಹಶೀರ್ ಮರಿಯನ್ನೂ ಬಿಡುವುದಿಲ್ಲ ಎಂದು ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಇಲಾಖೆಗಳು ಬರೆದುಕೊಡಲಿ. ಶಿವನಸಮುದ್ರದ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರನ್ನು ಗಂಟೆಗೊಮ್ಮೆ ಏರಿಳಿಸದೆ ಒಂದು ಹದದಲ್ಲಿ ಬಿಡಲಿ. ಹಳೆಯ ತೆಪ್ಪದವರಲ್ಲಿ ಇನ್ನೂ ಗಟ್ಟಿಮುಟ್ಟಾಗಿರುವವರನ್ನು ಸಂಬಳಕ್ಕೆ ಕರೆದು, ಭೀಮೇಶ್ವರಿಯಿಂದ ಮೇಕೆದಾಟಿನವರೆಗೆ ವರ್ಷಕ್ಕೊಮ್ಮೆ ಎಣಿಕೆ ನಡೆಸಲಿ. ಆ ಎಣಿಕೆಯಲ್ಲಿ ನಲವತ್ತು ಕೆ.ಜಿ.ಯ ಮೀನನ್ನು ಹುಡುಕುವುದು ಬೇಡ. ಕೆಂಪು ಬಾಲದ, ಒಂದು ಕೆ.ಜಿ.ಗಿಂತ ಕಡಿಮೆ ತೂಗುವ ಬಿಳಿಮೀನು ಎಷ್ಟು ಸಿಕ್ಕವು ಎಂಬ ಒಂದೇ ಅಂಕಣ ಸಾಕು, 2012ರ ನಂತರ ಖಾಲಿ ಉಳಿದಿರುವುದು ಅದೇ.